ರಂಗದಿಂದ ತೆರೆಗೆ

ರಂಗದ ಮೇಲೆ ಗೆದ್ದ ನಾಟಕವು ಚಲಚ್ಚಿತ್ರವಾದರೆ ನಾವು ಹಿಗ್ಗಬೇಕೆ, ಮರುಗಬೇಕೆ? ಪುತ್ತೂರು, ಸುಳ್ಯ, ಕಡಬಗಳ ಸೀಮೆಗೆ ಈ ಎರಡು ಕಲೆಗಳ ನಂಟು ಹೊಸತಲ್ಲ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ನಾಟಕಗಳನ್ನೂ ಬರೆದರು. 1930ರ ಸುಮಾರಿಗೆ ಮೂಕಚಿತ್ರವನ್ನೂ ತೆಗೆದರು.

ಆದರೆ ಎರಡರ ಧರ್ಮ ಬೇರೆ. ಜಾತ್ರೆಯ ಗದ್ದೆಯಲ್ಲಿ ಆಡುವ ತುಳು ನಾಟಕದ ಹಾಸ್ಯಗಾರನು ಎದುರು ಕುಳಿತವರ ನಗುವನ್ನು ಕೇಳಿ ಮಾತನ್ನು ಬೆಳೆಸುತ್ತಾನೆ. ಆ ಊರಿನ ಸುದ್ದಿಯನ್ನೇ ಅದರಲ್ಲಿ ಹೆಣೆಯುತ್ತಾನೆ. ತೆರೆಯ ಮೇಲಿನವನಿಗೆ ಆ ಸ್ವಾತಂತ್ರ್ಯವಿಲ್ಲ. ಕಡಬದಲ್ಲಿ ಆಡಿದ ಮಾತನ್ನೇ ಅವನು ಮುಂಬಯಿಯಲ್ಲಿಯೂ ಆಡಬೇಕು.

ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ನಾಗಾಭರಣರು 1997ರಲ್ಲಿ ಚಿತ್ರವಾಗಿಸಿದರು. ನಾಟಕಕ್ಕೆ ಅದರಿಂದ ಕುಂದೇನೂ ಬರಲಿಲ್ಲ. ಪುಸ್ತಕವು ಕೈಗೆ ಸಿಗುವುದರಿಂದ ಹೊಸ ತಂಡಗಳು ತಮ್ಮ ತಮ್ಮ ರೀತಿಯಲ್ಲಿ ಅದನ್ನು ಆಡಬಲ್ಲವು. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ತುಳು ನಾಟಕ ‘ಒರಿಯರ್ದೊರಿ ಅಸಲ್’ 2011ರಲ್ಲಿ ತೆರೆಗೆ ಬಂದಿತು; ಜನರು ಮೆಚ್ಚಿದರು. ಸಂತೋಷವೇ. ಆದರೆ ತುಳು ರಂಗಭೂಮಿಯಲ್ಲಿ ಎಷ್ಟೋ ನಾಟಕಗಳು ಬದುಕಿರುವುದು ನಟರ ನಾಲಿಗೆಯಲ್ಲಿ. ಅಚ್ಚಾಗದ ನಾಟಕಕ್ಕೆ ಚಿತ್ರವೊಂದೇ ದಾಖಲೆಯಾಗಿ ಉಳಿದರೆ ಮುಂದಿನವರು ಅದನ್ನು ನೋಡಬಲ್ಲರೇ ಹೊರತು ಆಡಲಾರರು.

ಆದುದರಿಂದ ನಿರ್ಮಾಪಕರಲ್ಲಿ ನನ್ನ ವಿನಂತಿ ಇಷ್ಟೆ: ನಾಟಕದ ಹಕ್ಕನ್ನು ಕೊಳ್ಳುವಾಗಲೇ ಅದನ್ನು ಅಚ್ಚು ಹಾಕಿಸುವ ಹೊಣೆಯನ್ನೂ ಹೊರಿರಿ. ಚಿತ್ರದ ಖರ್ಚಿನಲ್ಲಿ ಒಂದು ಪುಸ್ತಕದ ಖರ್ಚು ಲೆಕ್ಕಕ್ಕೇ ಬಾರದು.