ತೊಟ್ಟಿಲಿಂದ ದೂರ ನಿಂತವರ ಪ್ರಣಾಳಿಕೆ

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ಹೇಳಿದ್ದೇ ತಡ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಮದುವೆಯಾಗದ ಅಪ್ಪ-ಅವ್ವನ ಕೂಸಿನ ಮನೆಯಲ್ಲಿ ಆ ಗುದ್ದು ತಿನ್ನಲು ಯಾರೂ ಇರುವುದಿಲ್ಲ. ಅಪ್ಪ ಪಕ್ಕದ ಓಣಿಯಲ್ಲೇ ಇದ್ದಾನು, ಊರಿಗೆಲ್ಲ ಗೊತ್ತಿದ್ದೀತು. ಆದರೂ ಆ ಹೊಸ್ತಿಲು ತುಳಿಯುವಂತಿಲ್ಲ. ಆ ಹೊಸ್ತಿಲಿನ ಮಾತಾಡಲು ಉಪ್ಪಿನಬೆಟಗೇರಿಯಲ್ಲಿ ಈ ಬಳಗ ಕಟ್ಟುತ್ತಿದ್ದೇವೆ.

ಮೊದಲು ನಮ್ಮ ಮೇಲಿನ ದೂರನ್ನು ಒಪ್ಪಿಕೊಳ್ಳೋಣ. ಈ ಸೀಮೆಯಲ್ಲಿ ಮದುವೆಯಾಗದ ಅಪ್ಪ ಎಂದರೆ ಜನಕ್ಕೆ ನೆನಪಾಗುವವನು ಕೈಕೊಟ್ಟು ಹೋದವನೇ. ಸವದತ್ತಿ ಇಲ್ಲಿಂದ ದೂರವಿಲ್ಲ. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಕೂಸುಗಳಿಗೆ ಅಪ್ಪ ಯಾರೆಂದು ಓಣಿಗೆ ಗೊತ್ತಿತ್ತು, ಸಾಲಿಯ ದಾಖಲೆಗೆ ಗೊತ್ತಿರಲಿಲ್ಲ. ದೇವದಾಸಿ ನಿಷೇಧದ ಕಾಯ್ದೆ 1982ರಲ್ಲೇ ಬಂತು. ಆ ಮಕ್ಕಳು ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಬರೆದ ಮಸೂದೆ ವಿಧಾನಸಭೆ ದಾಟಲು 2025 ಬರಬೇಕಾಯಿತು. ಆ ಗಂಡಸರ ವಕಾಲತ್ತು ನಾವು ಹಾಕುವುದಿಲ್ಲ. ಬಲವಂತ ಮಾಡಿದವನಿಗೆ, ಅಪ್ರಾಪ್ತೆಯನ್ನು ಮುಟ್ಟಿದವನಿಗೆ, ಕೂಸಿನ ನೆಪದಲ್ಲಿ ತಾಯಿಯನ್ನು ಹೆದರಿಸುವವನಿಗೆ ಇಲ್ಲಿ ಜಾಗವಿಲ್ಲ. ಚಂದಾ ಕೊಟ್ಟರೂ ವಾಪಸು.

ಆದರೆ 'ಕೂಸು ನಂದ ಐತಿ' ಎಂದು ನಾಕು ಮಂದಿಯ ಎದುರು ಹೇಳುವವನನ್ನು ಏನು ಮಾಡೋಣ?

1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯ 6ನೇ ಕಲಂ ಹೀಗಿದೆ: ಮದುವೆಯಲ್ಲಿ ಹುಟ್ಟಿದ ಕೂಸಿಗೆ ಸಹಜ ಪಾಲಕ ತಂದೆ, ಆತನ ತರುವಾಯ ತಾಯಿ. ಮದುವೆಯಿಲ್ಲದೆ ಹುಟ್ಟಿದ್ದಕ್ಕೆ ತಾಯಿ, ಆಕೆಯ ತರುವಾಯ ತಂದೆ. (ಕಾನೂನಿನ ಕನ್ನಡದಲ್ಲಿ ಈ ಕೂಸಿಗೆ 'ಅಧರ್ಮಜ' ಎಂಬ ಹೆಸರು. ಧರ್ಮ ತಪ್ಪಿದವರು ಯಾರೇ ಇರಲಿ, ತೊಟ್ಟಿಲಲ್ಲಿ ಮಲಗಿದವರಂತೂ ಅಲ್ಲ.) ತಾಯಿಯ ಮೊದಲ ಜಾಗ ನ್ಯಾಯವಾದದ್ದೇ, ಹೊತ್ತವಳೂ ಊರ ಬಾಯಿಗೆ ಬಿದ್ದವಳೂ ಅವಳೇ. ಅವಿವಾಹಿತ ತಾಯಿ ಪಾಲಕತ್ವ ಕೋರುವಾಗ ತಂದೆಗೆ ನೋಟಿಸು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದ್ದೂ ನಮಗೆ ಒಪ್ಪಿಗೆ. ಆ ಪ್ರಕರಣದ ತಂದೆ ಕೂಸಿನ ಗೊಡವೆಗೇ ಬಂದವನಲ್ಲ.

ನಮ್ಮ ತಕರಾರು 'ತರುವಾಯ' ಎಂಬ ಶಬ್ದದ್ದು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಅದೇ ಕೋರ್ಟು, ತಾಯಂದಿರ ಪರವಾಗಿ, 'ತರುವಾಯ' ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ಅವನ ಗೈರಿನಲ್ಲಿ ಎಂದು ಓದಿತು. ಆ ಓದು ನಮ್ಮ ಸಾಲಿಗೂ ಬರಲಿ. ಇನ್ನು ಪಾಲಕತ್ವ ಬೇರೆ, ಭೇಟಿ ಬೇರೆ. ತಿಂಗಳಿಗೆ ಎರಡು ರವಿವಾರ ಮಗಳ ಜೊತೆ ಕೂತು ಗಿರಮಿಟ್ ತಿನ್ನಲಿಕ್ಕೆ ಯಾರ ತರುವಾಯಕ್ಕೆ ಕಾಯಬೇಕು?

ಜೀವನಾಂಶದ ಮಾತು ಬಂದಾಗ ಕಾಯ್ದೆಗೆ ಅಪ್ಪ ಥಟ್ಟನೆ ಸಿಗುತ್ತಾನೆ. ಹಳೆಯ 125ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 144, ಮದುವೆಯಾಗಿತ್ತೋ ಇಲ್ಲವೋ ಎಂದು ಕೇಳದೆ ಕೂಸಿನ ಖರ್ಚನ್ನು ಅವನ ಮೇಲೆ ಹೊರಿಸುತ್ತದೆ. ಹೊರಲಿ. ಬಳಗ ಸೇರಲು ನಮ್ಮ ಮೊದಲ ಷರತ್ತೇ ಅದು: ಕೋರ್ಟು ಹೇಳುವ ಮುಂಚೆಯೇ ರೊಕ್ಕ ಮುಟ್ಟಿಸಬೇಕು, ನೋಡಲು ಬಿಡದ ಸಿಟ್ಟಿಗೆ ಒಂದು ತಿಂಗಳೂ ತಪ್ಪಿಸಬಾರದು.

1890ರ ಪಾಲಕರ ಕಾಯ್ದೆಯಡಿ ಧಾರವಾಡದ ಕೋರ್ಟಿಗೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಅಲ್ಲಿ ಕೂಸಿನ ಹಿತವೇ ಅಳತೆಗೋಲು. ತಿಳಿವಳಿಕೆ ಬಂದ ಕೂಸಾದರೆ ಅದರ ಮಾತನ್ನೂ ಕೇಳುತ್ತಾರೆ. ಆದರೆ ಕೋರ್ಟಿಗಿಂತ ಮುಂಚೆ ಪಂಚರು ಬರುತ್ತಾರೆ. 'ಇಷ್ಟು ಕೊಟ್ಟು ಕೈ ತೊಳಕೊ, ಮತ್ತ ಈ ಕಡೆ ಹಾಯಬ್ಯಾಡ' ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿಸುತ್ತಾರೆ. ಕೂಸಿನ ಹಿತ ನೋಡುವ ನ್ಯಾಯಾಧೀಶರನ್ನು ಆ ಕಾಗದ ಕಟ್ಟಿಹಾಕಲಾರದು. ಊರಿನಲ್ಲಿ ಮಾತ್ರ ಅದೇ ಶಾಸನ. ಅಂಥ ಕಾಗದಕ್ಕೆ ನಮ್ಮವರು ಯಾರೂ ಸಹಿ ಹಾಕುವುದಿಲ್ಲ, ಸಾಕ್ಷಿಯಾಗಿಯೂ ನಿಲ್ಲುವುದಿಲ್ಲ.

ಇಂಗ್ಲೆಂಡಿನಲ್ಲಿ 2003ರ ಡಿಸೆಂಬರಿನಿಂದ, ತಾಯಿಯ ಜೊತೆ ಹೋಗಿ ಜನನ ನೋಂದಣಿಯಲ್ಲಿ ಹೆಸರು ಬರೆಸಿದ ಅವಿವಾಹಿತ ತಂದೆಗೆ ಹೆತ್ತವನ ಹೊಣೆ ತಾನಾಗಿ ಬರುತ್ತದೆ. ಜರ್ಮನಿ 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಸೋತು, 2013ರಲ್ಲಿ ಕಾಯ್ದೆ ತಿದ್ದಿತು. ಅದೇ 2013ರಲ್ಲಿ ನಮ್ಮ ಹೈಕೋರ್ಟು ಮದುವೆ ಮುರಿದ ಇಬ್ಬರ ನಡುವೆ ಮಗನ ವರ್ಷವನ್ನೇ ಆರಾರು ತಿಂಗಳು ಹಂಚಿತ್ತು. ನಾವು ಅಷ್ಟು ಕೇಳುತ್ತಿಲ್ಲ. ತಾಯಿ ಒಪ್ಪಿ, ಅಪ್ಪ ಜನನ ದಾಖಲೆಗೆ ಹೆಸರು ಬರೆಸಿದರೆ ಭೇಟಿಯ ಹಕ್ಕು ಅದರ ಜೊತೆಗೇ ಬರಬೇಕು. ತಾಯಿ ಒಪ್ಪದಿದ್ದರೆ ಕಾರಣ ಕೇಳಿ, ಮೂರು ತಿಂಗಳೊಳಗೆ ಕೋರ್ಟು ಮಧ್ಯಂತರ ಆದೇಶ ಕೊಡಬೇಕು. ಮೂರು ವರ್ಷ ಬಿಟ್ಟು ಬಂದರೆ ಕೂಸು ಅಪ್ಪನಿಗೆ 'ಕಾಕಾ' ಅನ್ನುತ್ತದೆ. ಭೇಟಿ ಕೋರ್ಟಿನ ಕಾರಿಡಾರಿನಲ್ಲಿ ಬೇಡ. ಅಂಗನವಾಡಿಯಲ್ಲಾಗಲಿ, ತಾಯಿಗೆ ನಂಬಿಕೆಯಿರುವ ಹೆಂಗಸೊಬ್ಬಳು ಹತ್ತಿರ ಕೂತಿರಲಿ. ಭೇಟಿಯ ಹೊತ್ತಿನಲ್ಲಿ ಮದುವೆಯ ಮಾತೆತ್ತುವಂತಿಲ್ಲ.

ಬಳಗಕ್ಕೆ ಇನ್ನೂ ಹೆಸರಿಟ್ಟಿಲ್ಲ. ಮೊದಲ ಸಭೆಗೆ ಸದಸ್ಯರ ಅಕ್ಕತಂಗಿಯರನ್ನು ಕರೆದಿದ್ದೇವೆ. ಹೆಸರಿಡುವ ಕೆಲಸ ಅವರದು. ಬೆನ್ನು ಗಟ್ಟಿ ಮಾಡಿಕೊಂಡು ಬರಲಿ.