ಬೈಸಿಕಲ್ಲಿನ ಪಥವೂ ನಗರಾಧ್ಯಕ್ಷರ ಮತವೂ

ದಾರಿಯಲ್ಲಿ ಇದಿರಾದವರಲ್ಲಿ ಯಾರು ಯಾರಿಗೆ ಎಡೆ ಬಿಟ್ಟುಕೊಡತಕ್ಕದ್ದೆಂಬ ವಿಚಾರವು ನಮ್ಮ ಧರ್ಮಶಾಸ್ತ್ರಕಾರರಿಗೆ ಅಲ್ಪವಾಗಿ ತೋರಲಿಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಇದಕ್ಕೆ ಒಂದು ವಿಧಿಯೇ ಉಂಟು. ಗಾಡಿಯಲ್ಲಿ ಬರುವವನು, ತೊಂಬತ್ತು ದಾಟಿದ ವೃದ್ಧನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ವಿದ್ಯಾಭ್ಯಾಸವನ್ನು ಮುಗಿಸಿದ ಸ್ನಾತಕನು, ರಾಜನು, ಮದುವಣಿಗನು, ಇವರಿಗೆ ದಾರಿ ಬಿಡಬೇಕು. ರಾಜನೂ ಸ್ನಾತಕನೂ ಇದಿರಾದರೆ ರಾಜನೇ ಸ್ನಾತಕನನ್ನು ಮನ್ನಿಸತಕ್ಕದ್ದು. ಗಾಡಿಯವನಿಗೆ ಅಲ್ಲಿ ಪ್ರಯೋಗಿಸಿರುವ ಶಬ್ದವು ‘ಚಕ್ರೀ’, ಎಂದರೆ ಗಾಲಿಯುಳ್ಳವನು, ಎಂಬುದು. ಗಾಲಿಗಳು ಎರಡೋ ನಾಲ್ಕೋ ಎಂಬುದನ್ನು ಸ್ಮೃತಿಕಾರರು ವಿವರಿಸಲಿಲ್ಲ. ವಿವರಿಸಿದ್ದರೆ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬೈಸಿಕಲ್ಲಿನವರಿಗೂ ಅಧಿಕಾರಿಗಳಿಗೂ ನಡೆದುಬಂದ ವ್ಯಾಜ್ಯಕ್ಕೆ ಒಂದು ಆಧಾರ ದೊರೆಯುತ್ತಿತ್ತೆಂದು ವಿನೋದಕ್ಕಾಗಿ ಹೇಳಬಹುದು. ವ್ಯಾಜ್ಯವು ಮಾತ್ರ ವಿನೋದದ್ದಲ್ಲ. ಅದರಲ್ಲಿ ಪ್ರಾಣದ ಪ್ರಶ್ನೆ ಇದೆ.

ಮೊದಲು ಆ ನಗರದ ಸ್ಥಿತಿಯನ್ನು ತಿಳಿಯಬೇಕು. ಟೊರಾಂಟೋ ಒಂಟಾರಿಯೋ ಪ್ರಾಂತದ ರಾಜಧಾನಿ. ನಮ್ಮ ವಾಚಕರಲ್ಲಿ ಕೆಲವರ ಮಕ್ಕಳೂ ಮೊಮ್ಮಕ್ಕಳೂ ಅಲ್ಲಿ ನೆಲಸಿರಬಹುದು. 1998ರಲ್ಲಿ ಪ್ರಾಂತ ಸರ್ಕಾರವು ಹಳೆಯ ಟೊರಾಂಟೋ ಪಟ್ಟಣವನ್ನೂ ಅದರ ಸುತ್ತಲಿನ ಎಟೋಬಿಕೋ, ನಾರ್ತ್ ಯಾರ್ಕ್, ಸ್ಕಾರ್‌ಬರೋ ಮೊದಲಾದ ಊರುಗಳನ್ನೂ ಕೂಡಿಸಿ ಒಂದೇ ಮಹಾನಗರವನ್ನಾಗಿ ಮಾಡಿತು. ಹಳೆಯ ಪಟ್ಟಣದಲ್ಲಿ ಮನೆಗಳು ಒತ್ತೊತ್ತಾಗಿದ್ದು, ಕಚೇರಿಯೂ ಅಂಗಡಿಯೂ ವಿದ್ಯಾಲಯವೂ ಬೈಸಿಕಲ್ಲಿನಲ್ಲಿ ಹೋಗಿ ಬರುವಷ್ಟು ಸಮೀಪದಲ್ಲಿರುವುವು. ಹೊರವಲಯದ ಊರುಗಳಾದರೋ ಬಹುಮಟ್ಟಿಗೆ ಮೋಟಾರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಳೆದವು. ಅಲ್ಲಿ ಹಾಲು ತರುವುದಕ್ಕೂ ಎಷ್ಟೋ ಮನೆಯವರಿಗೆ ಮೋಟಾರು ಬೇಕು. ಒಂದೇ ಮನೆಗೆ ಬಂದ ಇಬ್ಬರು ವಾರಗಿತ್ತಿಯರಂತೆ ಇವೆರಡೂ ಒಂದೇ ಪೌರಸಭೆಯ ಕೆಳಗೆ ಸೇರಿದುವು. ಅಡಿಗೆಯ ಮನೆ ಒಂದೇ, ಅಭ್ಯಾಸ ಬೇರೆ ಬೇರೆ.

ಹಳೆಯ ಪಟ್ಟಣದ ಬೀದಿಯಲ್ಲಿ ಬೈಸಿಕಲ್ಲು ತುಳಿಯುವವನ ಕಷ್ಟವನ್ನು ತುಳಿದವನೇ ಬಲ್ಲ. ಅಲ್ಲಿ ಈಗಲೂ ಟ್ರಾಮುಗಳು ಓಡುವುವು. ಟ್ರಾಮಿನ ಕಂಬಿಯ ಪಕ್ಕದ ಸಂದಿನಲ್ಲಿ ಬೈಸಿಕಲ್ಲಿನ ಮುಂಗಾಲಿ ಸಿಕ್ಕಿತೆಂದರೆ ಸವಾರನು ನಡುಬೀದಿಯಲ್ಲಿ ಉರುಳುವನು. ಅದಕ್ಕೆ ಹೆದರಿ ಅಂಚಿಗೆ ಸರಿದರೆ, ಸಾಲಾಗಿ ನಿಂತಿರುವ ಮೋಟಾರುಗಳಲ್ಲಿ ಯಾವುದೋ ಒಂದರ ಬಾಗಿಲು ಫಕ್ಕನೆ ತೆರೆದು ಎದೆಗೆ ಬಡಿಯುವುದು. ಇವೆರಡರ ನಡುವೆ ಹಿಂದಿನಿಂದ ಬರುವ ದೊಡ್ಡ ಲಾರಿಯು ಬಲಕ್ಕೆ ತಿರುಗುವಾಗ ಪಕ್ಕದಲ್ಲಿರುವ ಬಡಪಾಯಿಯು ಚಾಲಕನ ಕಣ್ಣಿಗೇ ಬೀಳುವುದಿಲ್ಲ. ಬೀದಿಯ ಅಂಚಿನಲ್ಲಿ ಬೈಸಿಕಲ್ಲಿಗೆಂದು ಬಿಳಿಯ ಗೆರೆ ಎಳೆದು ಮೀಸಲು ಮಾಡಿದ ಪಥವೊಂದನ್ನು, ಸಾಧ್ಯವಾದರೆ ನಡುವೆ ತಡೆಗಲ್ಲನ್ನಿಟ್ಟು ಬೇರ್ಪಡಿಸಿದ ಪಥವನ್ನು, ಆ ಜನರು ಬೇಡುತ್ತ ಬಂದುದು ಈ ಕಾರಣದಿಂದ. ಬೇಡಿಕೆ ದೊಡ್ಡದೇನಲ್ಲ, ಐದು ಅಡಿ ಆರು ಅಡಿ ಅಗಲದ ನೆಲ.

ಎಟೋಬಿಕೋ ಭಾಗದಿಂದ ಪೌರಸಭೆಗೆ ಚುನಾಯಿತರಾಗಿದ್ದ ರಾಬ್ ಫೋರ್ಡ್ ಎಂಬುವರಿಗೆ ಈ ಬೇಡಿಕೆಯೇ ಅಸಂಗತವೆನಿಸಿತು. 2007ರಲ್ಲಿ ಸಭೆಯಲ್ಲಿ ಅವರು ಆಡಿದ ಮಾತಿನ ಸಾರಾಂಶವಿದು: ರಸ್ತೆಗಳನ್ನು ಕಟ್ಟಿರುವುದು ಬಸ್ಸು ಕಾರು ಲಾರಿಗಳಿಗೆ, ಬೈಸಿಕಲ್ಲಿನವರಿಗಲ್ಲ, ಸತ್ತವರಿಗಾಗಿ ಮನಸ್ಸು ಮರುಗುವುದು ನಿಜ, ಆದರೆ ಕಡೆಗೆ ತಪ್ಪು ಅವರದೇ, ಅಲ್ಲಿ ಬೈಸಿಕಲ್ಲು ಹೊಡೆಯುವುದೆಂದರೆ ಷಾರ್ಕು ಮೀನುಗಳ ನಡುವೆ ಈಜುವಂತೆ, ಇಂದಲ್ಲ ನಾಳೆ ಕಚ್ಚಿಸಿಕೊಳ್ಳುವುದೇ ಸರಿ.

ಈ ದೃಷ್ಟಾಂತವನ್ನು ಓದಿದಾಗ ಬೆರಗಾಗದೆ ಇರಲಾರೆವು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಸ್ಥಿತಿಗೆ ನಮ್ಮವರು ಮಾತ್ಸ್ಯನ್ಯಾಯವೆಂದು ಹೆಸರಿಟ್ಟರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ದಂಡಧರನಿಲ್ಲದ ಕಡೆ ಉಂಟಾಗುವ ಅವಸ್ಥೆ. ಅದನ್ನು ತಪ್ಪಿಸುವುದಕ್ಕಾಗಿಯೇ ಪ್ರಜೆಗಳು ಮನುವನ್ನು ಅರಸನನ್ನಾಗಿ ಮಾಡಿಕೊಂಡು ತಮ್ಮ ಧಾನ್ಯದಲ್ಲಿ ಆರನೆಯ ಒಂದು ಭಾಗವನ್ನು ಕೊಡಲೊಪ್ಪಿದರೆಂದು ಅಲ್ಲಿ ಹೇಳಿದೆ. ಎಂದರೆ ಮೀನುಗಳ ನ್ಯಾಯವನ್ನು ನಿಲ್ಲಿಸುವುದು ಆಳುವವನ ಮೊದಲನೆಯ ಕೆಲಸ. ಕಂದಾಯವು ಆ ಕೆಲಸದ ಕೂಲಿ. ಇಲ್ಲಿ ಕೂಲಿಯನ್ನು ಪಡೆಯತಕ್ಕ ಸ್ಥಾನದಲ್ಲಿದ್ದವರೇ ನೀರಿನಲ್ಲಿ ಷಾರ್ಕುಗಳಿರುವುವೆಂದು ಹೇಳಿ ದಡದಲ್ಲಿ ಕುಳಿತರು. ಬೈಸಿಕಲ್ಲಿನವರಿಗೆ ಪಥವಿಲ್ಲದ ದುಃಖಕ್ಕಿಂತಲೂ ಈ ಮಾತಿನ ದುಃಖವು ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ.

2010ರ ಅಕ್ಟೋಬರಿನಲ್ಲಿ ಇವರೇ ಎಲ್ಲರಿಗಿಂತ ಹೆಚ್ಚು ಮತಗಳನ್ನು ಪಡೆದು ಮೇಯರೆಂಬ ನಗರಾಧ್ಯಕ್ಷ ಪದವಿಗೆ ಬಂದರು. ಮೋಟಾರಿನ ಮೇಲಣ ಯುದ್ಧವು ಮುಗಿಯಿತೆಂದು ಸಾರಿದರು. ಡಿಸೆಂಬರಿನಲ್ಲಿ ಹೊಸ ಪೌರಸಭೆ ಕೂಡಿದ ದಿನ ಅತಿಥಿಯಾಗಿ ಬಂದಿದ್ದ ಹಾಕಿ ಆಟದ ವ್ಯಾಖ್ಯಾನಕಾರ ಡಾನ್ ಚೆರಿ ಎಂಬುವರು ಗುಲಾಬಿ ಬಣ್ಣದ ಕೋಟು ತೊಟ್ಟು, ಬೈಸಿಕಲ್ಲು ಹೊಡೆಯುವ ವಾಮಪಂಥೀಯರನ್ನು ಹೀಯಾಳಿಸುವುದಕ್ಕೇ ಅದನ್ನು ಧರಿಸಿದುದಾಗಿ ಹೇಳಿದರು. ಅಲ್ಲಿ ಸಮತಾವಾದದ ಕಡೆಗೆ ಒಲಿದವರನ್ನು ಗುಲಾಬಿಯವರೆಂದು ಬೈಯುವ ರೂಢಿ ಇದೆ. ಮಂಗಳಕಾರ್ಯದ ದಿನ ಬೀಗರನ್ನು ಬೈದಂತಾಯಿತು. ನಗರದವರು ಮಾತ್ರ ಆ ಬೈಗುಳನ್ನೇ ಬಿಲ್ಲೆಯ ಮೇಲೆ ಅಚ್ಚು ಹಾಕಿಸಿ ಎದೆಗೆ ಚುಚ್ಚಿಕೊಂಡು ತಿರುಗಿದರು. ಇಂಥ ಸರಸ ಬುದ್ಧಿ ಇರುವ ಕಡೆ ಜಗಳವು ಹೊಡೆದಾಟಕ್ಕೆ ಹೋಗುವುದಿಲ್ಲ.

ಇನ್ನು ಜಾರ್ವಿಸ್ ಬೀದಿಯ ಕಥೆ. ಆ ಬೀದಿಯಲ್ಲಿ ಮೋಟಾರುಗಳಿಗೆ ಐದು ಸಾಲುಗಳಿದ್ದುವು. ನಡುವಿನ ಐದನೆಯ ಸಾಲು ಬೆಳಗಿನ ಹೊತ್ತು ಒಂದು ದಿಕ್ಕಿಗೂ ಸಂಜೆಯ ಹೊತ್ತು ಎದುರು ದಿಕ್ಕಿಗೂ ತೆರೆಯುತ್ತಿತ್ತು. ಹಿಂದಿನ ಅಧ್ಯಕ್ಷ ಡೇವಿಡ್ ಮಿಲ್ಲರರ ಕಾಲದ ಪೌರಸಭೆಯು ಆ ಸಾಲನ್ನು ತೆಗೆದು, ಉಳಿದ ಜಾಗದಲ್ಲಿ ಎರಡು ಅಂಚುಗಳಿಗೂ ಬೈಸಿಕಲ್ಲಿನ ಪಥವನ್ನು 2010ರಲ್ಲಿ ಹಾಕಿಸಿತು. ನಗರದ ಅಧಿಕಾರಿಗಳೇ ಎಣಿಸಿ ನೋಡಲಾಗಿ ಬೈಸಿಕಲ್ಲಿನವರ ಸಂಖ್ಯೆ ಸುಮಾರು ಮೂರು ಪಟ್ಟಾಗಿತ್ತು; ಮೋಟಾರುಗಳ ಸಂಖ್ಯೆ ಹೆಚ್ಚು ಕಡಿಮೆ ಮೊದಲಿನಷ್ಟೇ ಇತ್ತು; ಜನಸಂಚಾರ ಹೆಚ್ಚಿದ ಹೊತ್ತಿನಲ್ಲಿ ಮೋಟಾರಿನವರಿಗೆ ಸುಮಾರು ಎರಡು ನಿಮಿಷ ಹೆಚ್ಚಾಗಿ ಹಿಡಿಯುತ್ತಿತ್ತು. ಇಷ್ಟಾದರೂ 2011ರ ಜುಲೈ ತಿಂಗಳಿನಲ್ಲಿ, ಆ ಭಾಗದ ಸದಸ್ಯರ ವಿರೋಧವನ್ನು ಲೆಕ್ಕಿಸದೆ, ಆ ಪಥವನ್ನು ಅಳಿಸತಕ್ಕದ್ದೆಂದು ಸಭೆಯು ನಿಶ್ಚಯಿಸಿತು. ಸ್ಕಾರ್‌ಬರೋ ಭಾಗದ ಎರಡು ರಸ್ತೆಗಳ ಪಥಗಳಿಗೂ ಅದೇ ಗತಿಯಾಯಿತು.

2012ರ ನವೆಂಬರಿನಲ್ಲಿ ಬಣ್ಣ ಕೆರೆಯುವ ಯಂತ್ರವು ಜಾರ್ವಿಸ್ ಬೀದಿಗೆ ಬಂದಾಗ ಕೆಲವರು ಅದರ ಮುಂದೆ ಅಡ್ಡಲಾಗಿ ಕುಳಿತರು. ಪೋಲೀಸರು ಅವರನ್ನು ಎಬ್ಬಿಸಬೇಕಾಯಿತು. ಕೆಲಸವು ತಡೆಯಿತು, ನಿಲ್ಲಲಿಲ್ಲ. ಪಥವನ್ನು ಹಾಕುವುದಕ್ಕೆ ತಗುಲಿದುದಕ್ಕಿಂತ ಅಳಿಸುವುದಕ್ಕೆ ತಗುಲಿದ ವೆಚ್ಚವೇ ಹೆಚ್ಚು. ಮಿತವ್ಯಯವೇ ತಮ್ಮ ವ್ರತವೆಂದು ಹೇಳಿ ಬಂದ ಅಧ್ಯಕ್ಷರ ಕಾಲದಲ್ಲಿ ಇದು ನಡೆಯಿತು. ಗೃಹಸ್ಥರಾದವರು ಯೋಚಿಸಿ ನೋಡಲಿ: ಹಿರಿಯ ಮಗನು ಕಟ್ಟಿಸಿದ ಜಗಲಿಯನ್ನು ಕಿರಿಯ ಮಗನು ಯಜಮಾನಿಕೆ ಬಂದೊಡನೆ ಕೀಳಿಸಿದರೆ ಆ ಮನೆಯ ಲೆಕ್ಕದ ಪುಸ್ತಕವು ಹೇಗಿದ್ದೀತು?

ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಹತ್ತಿರದ ಶೆರ್‌ಬೋರ್ನ್ ಬೀದಿಯಲ್ಲಿ ತಡೆಯಿಂದ ಬೇರ್ಪಡಿಸಿದ ಉತ್ತಮವಾದ ಪಥವು ಸಿದ್ಧವಾದುದು ಇವರ ಕಾಲದಲ್ಲಿಯೇ. ಹೊರವಲಯದಿಂದ ದಿನವೂ ಒಂದು ಗಂಟೆ ಮೋಟಾರು ನಡೆಸಿ ಕೆಲಸಕ್ಕೆ ಬರುವ ಸಂಸಾರಿಗೆ, ಪಟ್ಟಣದ ನಡುವೆ ಇರುವ ಸುಖಿಗಳು ತನ್ನ ದಾರಿಯನ್ನು ಕಿರಿದು ಮಾಡುತ್ತಿರುವರೆಂದು ತೋರುವುದು ಸಹಜ. ಆತನಿಗೆ ರೈಲೂ ಬಸ್ಸೂ ಸಾಲದೆ ಇರುವುದು ಆತನ ತಪ್ಪಲ್ಲ. ಫೋರ್ಡರು ಇಂಥವರ ದೂರುಗಳಿಗೆ ತಾವೇ ಟೆಲಿಫೋನು ಮಾಡಿ ಉತ್ತರ ಕೊಡುವ ಅಭ್ಯಾಸವನ್ನಿಟ್ಟುಕೊಂಡಿದ್ದರು. ಜನರು ಅದನ್ನು ಮರೆಯಲಿಲ್ಲ. ಅವರ ಸ್ವಂತ ನಡತೆಯ ವಿಷಯವಾಗಿ ಪತ್ರಿಕೆಗಳು ಬರೆದುದು ಬಹಳ; 2016ರಲ್ಲಿ ಅವರು ತೀರಿಕೊಂಡರು; ಆ ಮಾತು ಇಲ್ಲಿ ಅಪ್ರಸ್ತುತ. ಆದರೆ ಮೋಟಾರಿನವನ ಎರಡು ನಿಮಿಷಗಳನ್ನೂ ಬೈಸಿಕಲ್ಲಿನವನ ಎಲುಬುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಯಾವ ತೂಕದ ಕಲ್ಲನ್ನು ಉಪಯೋಗಿಸುವರೋ ತಿಳಿಯದು.

ವ್ಯಾಜ್ಯವು ಅವರೊಡನೆ ಮುಗಿಯಲಿಲ್ಲ. ಬ್ಲೂರ್ ಬೀದಿಯಲ್ಲಿ 2016ರಲ್ಲಿ ಪರೀಕ್ಷೆಗಾಗಿ ಹಾಕಿದ ಪಥವನ್ನು ಮರುವರ್ಷವೇ ಪೌರಸಭೆಯು ಶಾಶ್ವತಗೊಳಿಸಿತು. ಯಂಗ್ ಬೀದಿ, ಯೂನಿವರ್ಸಿಟಿ ಬೀದಿಗಳಲ್ಲಿಯೂ ಪಥಗಳಾದುವು. ಅತ್ತ ರಾಬ್ ಫೋರ್ಡರ ಅಣ್ಣ ಡಗ್ ಫೋರ್ಡರು 2018ರಲ್ಲಿ ಪ್ರಾಂತದ ಮುಖ್ಯಮಂತ್ರಿಗಳಾದರು. 2024ರ ನವೆಂಬರಿನಲ್ಲಿ ಅವರ ಸರ್ಕಾರವು, ಮೋಟಾರಿನ ಸಾಲನ್ನು ತೆಗೆದು ಬೈಸಿಕಲ್ಲಿನ ಪಥವನ್ನು ಮಾಡಬೇಕಾದರೆ ಪೌರಸಭೆಗಳು ಪ್ರಾಂತದ ಅಪ್ಪಣೆ ಪಡೆಯತಕ್ಕದ್ದೆಂದೂ, ಈ ಮೂರು ಬೀದಿಗಳ ಪಥಗಳನ್ನು ಕೀಳಿಸತಕ್ಕದ್ದೆಂದೂ ಶಾಸನ ಮಾಡಿತು. ಕೀಳುವುದಕ್ಕೆ ಕನಿಷ್ಠ ಪಕ್ಷ 4 ಕೋಟಿ 80 ಲಕ್ಷ ಡಾಲರು ಬೇಕೆಂದು ನಗರದ ಅಧಿಕಾರಿಗಳು ಅಂದಾಜು ಮಾಡಿದರು. ಸರ್ಕಾರವು ಆ ಅಂಕಿಯನ್ನು ಒಪ್ಪಲಿಲ್ಲ. ಆದರೆ ಪಥ ಕಿತ್ತುದರಿಂದ ಯಾರಿಗಾದರೂ ಪೆಟ್ಟಾದರೆ ಸರ್ಕಾರದ ಮೇಲೆ ದಾವೆ ಹೂಡಕೂಡದೆಂಬ ವಿಧಿಯನ್ನು ಆ ಶಾಸನದಲ್ಲಿಯೇ ಸೇರಿಸಿತ್ತು. ಪೆಟ್ಟಾಗುವುದೆಂಬ ಶಂಕೆಯಿಲ್ಲದವನು ಇಂಥ ಕವಚವನ್ನು ಮೊದಲೇ ತೊಡುವನೇ?

ಬೈಸಿಕಲ್ಲಿನವರ ಸಂಘವು ನ್ಯಾಯಸ್ಥಾನಕ್ಕೆ ಹೋಯಿತು. 2025ರ ಜುಲೈ 30ರಂದು ನ್ಯಾಯಾಧೀಶ ಪಾಲ್ ಶಾಬಸರು ತೀರ್ಪು ಕೊಟ್ಟರು. ಪಥವನ್ನು ಹಾಕಿಸಿಕೊಳ್ಳುವ ಹಕ್ಕು ಉಂಟೇ ಎಂಬುದು ಅಲ್ಲಿನ ಪ್ರಶ್ನೆಯಲ್ಲ. ಇದ್ದ ರಕ್ಷಣೆಯನ್ನು ಕೀಳುವುದರಿಂದ ಜನರಿಗೆ ಪ್ರಾಣಾಪಾಯವೂ ಅಂಗಹಾನಿಯೂ ಹೆಚ್ಚುವುದೆಂಬುದಕ್ಕೆ ಸಾಕ್ಷ್ಯವಿತ್ತು. ಕಿತ್ತರೆ ಮೋಟಾರುಗಳ ಸಂದಣಿ ಇಳಿಯುವುದೆಂಬುದಕ್ಕೆ ತಕ್ಕ ಸಾಕ್ಷ್ಯವಿರಲಿಲ್ಲ. ಆದುದರಿಂದ ಆ ಆಜ್ಞೆಯು ಕೆನಡಾದ 1982ನೆಯ ಇಸವಿಯ ಹಕ್ಕುಗಳ ಸನ್ನದಿನ ಏಳನೆಯ ವಿಧಿಗೆ, ಎಂದರೆ ಜೀವ, ಸ್ವಾತಂತ್ರ್ಯ ಮತ್ತು ದೇಹರಕ್ಷಣೆಗಳ ವಿಧಿಗೆ, ವಿರುದ್ಧವೆಂದು ಅವರು ನಿರ್ಣಯಿಸಿದರು. ಸರ್ಕಾರವು ಅದರ ಮೇಲೆ ಅಪೀಲು ಹೋಯಿತು. ಆ ತೀರ್ಪು ಮೂರು ಬೀದಿಗಳಿಗೆ ಸಂಬಂಧಿಸಿದುದು. 2012ರಲ್ಲಿ ಯಂತ್ರದ ಮುಂದೆ ಕುಳಿತವರು ಉಳಿಸಿಕೊಳ್ಳಬೇಕೆಂದಿದ್ದ ಜಾರ್ವಿಸ್ ಬೀದಿಯ ಹೆಸರು ಅವುಗಳಲ್ಲಿಲ್ಲ.