ಕೆಂಪು ಪೆಟ್ಟಿಗೆ ಯಾವ ಕೋಣೆಯ ಹೆಸರು ಹೇಳುತ್ತದೆ?

ಜೂನ್ ಸಮೀಪಿಸುತ್ತಿದ್ದಂತೆ ಕಾಸರಗೋಡಿನ ನಮ್ಮ ಶಾಲೆಗಳಲ್ಲಿ ಫಿಟ್ನೆಸ್ ಸರ್ಟಿಫಿಕೇಟಿನ ಓಡಾಟ ಆರಂಭವಾಗುತ್ತದೆ. ಜಾರಿದ ಹೆಂಚನ್ನು ಸರಿಪಡಿಸುವುದು, ಬಾವಿಕಟ್ಟೆ ಬಿರುಕು ಬಿಟ್ಟಿದೆಯೇ ಎಂದು ನೋಡುವುದು, ಮಾಡಿನ ಮೇಲೆ ಬಾಗಿದ ಮರದ ಗೆಲ್ಲು ಕಡಿಸುವುದು, ಇವು ಹೆತ್ತವರಿಗೆಲ್ಲ ಪರಿಚಿತವಾದ ಕೆಲಸಗಳು. ಕೇರಳದಲ್ಲಿ ಕಿಫ್ಬಿ ಹಣದಿಂದ ಬಹುಮಹಡಿಯ ಶಾಲಾ ಕಟ್ಟಡಗಳು ಏಳತೊಡಗಿದ ಮೇಲೆ ಈ ಪಟ್ಟಿಗೆ ಸೇರಬೇಕಾದ ಇನ್ನೊಂದು ವಸ್ತು ಬಂದಿದೆ. ಕೆಲವು ದೊಡ್ಡ ಕಟ್ಟಡಗಳಲ್ಲಿ ಕಚೇರಿಯ ಬಾಗಿಲ ಬಳಿ, ಗೋಡೆಗೆ ಜೋಡಿಸಿದ ಕೆಂಪು ಅಥವಾ ಬೂದು ಬಣ್ಣದ ಪೆಟ್ಟಿಗೆಯೊಂದಿರುತ್ತದೆ. ಅದೇ ಫಯರ್ ಅಲಾರಂ ಪ್ಯಾನೆಲ್. ಗುತ್ತಿಗೆದಾರರು ಅದನ್ನು ಜೋಡಿಸಿ, ಮುಖ್ಯೋಪಾಧ್ಯಾಯರ ಸಹಿ ಪಡೆದು ಹೋಗುತ್ತಾರೆ. ಅದರ ಕೀಲಿಕೈ ಕಪಾಟಿನೊಳಗೆ ಸೇರುತ್ತದೆ.

ಈ ಪೆಟ್ಟಿಗೆ ಬೆಂಕಿ ಬಿದ್ದಾಗ ಏನು ಹೇಳುತ್ತದೆ, ಯಾವ ಭಾಷೆಯಲ್ಲಿ ಹೇಳುತ್ತದೆ, ಹೇಳಿದ್ದನ್ನು ಓದುವವರು ಯಾರು ಎಂಬ ಪ್ರಶ್ನೆಯನ್ನು ಎತ್ತಬೇಕೆಂದು ನಮಗೆ ಅನ್ನಿಸಿದೆ. ಇದು ವಯರಿಂಗಿನವರ ಪ್ರಶ್ನೆ, ನಮಗೇಕೆ ಎಂದು ಕೇಳುವವರಿದ್ದಾರೆ. ವಯರಿಂಗು ಅವರದೇ ಸರಿ. ಆದರೆ ಆ ಪೆಟ್ಟಿಗೆಯೊಳಗಿನ ಹೆಸರುಗಳು ನಮ್ಮವು.

ಹಳೆಯ ಮಾದರಿಯ ಅಲಾರಂ ವ್ಯವಸ್ಥೆಯಲ್ಲಿ ಕಟ್ಟಡವನ್ನು ಕೆಲವು ವಲಯಗಳಾಗಿ ವಿಂಗಡಿಸಿ, ಒಂದೊಂದು ವಲಯಕ್ಕೆ ಒಂದೊಂದು ಜೋಡಿ ತಂತಿ ಎಳೆಯುತ್ತಾರೆ. ಹೊಗೆ ಕಂಡ ಡಿಟೆಕ್ಟರ್ ಯಾವುದೆಂದು ಪ್ಯಾನೆಲಿಗೆ ತಿಳಿಯದು. ಇಂಥ ವಲಯದಲ್ಲಿ ಏನೋ ಆಗಿದೆ ಎಂದಷ್ಟೇ ದೀಪ ಉರಿಯುತ್ತದೆ. ಮೇಲಿನ ಮಹಡಿಯ ಎಂಟು ಕೋಣೆಗಳು ಒಂದೇ ವಲಯದಲ್ಲಿದ್ದರೆ ಎಂಟನ್ನೂ ತೆರೆದು ನೋಡಬೇಕು. ಹೊಸ ಮಾದರಿಗೆ ಅಡ್ರೆಸೆಬಲ್ ಎಂದು ಹೆಸರು. ಇಲ್ಲಿ ಪ್ಯಾನೆಲಿನಿಂದ ಹೊರಟ ಎರಡು ತಂತಿಗಳು ಕೋಣೆಯಿಂದ ಕೋಣೆಗೆ ಸಾಗಿ ಸಾಮಾನ್ಯವಾಗಿ ಮರಳಿ ಪ್ಯಾನೆಲಿಗೇ ಬಂದು ಸೇರುತ್ತವೆ. ಇದನ್ನು ಲೂಪ್ ಎನ್ನುತ್ತಾರೆ. ತಂತಿ ಒಂದೆಡೆ ತುಂಡಾದರೆ ಪ್ಯಾನೆಲ್ ಎರಡೂ ತುದಿಗಳಿಂದ ಮಾತಾಡಿಸುತ್ತದೆ. ನಡುನಡುವೆ ಇರಿಸಿದ ಐಸೊಲೇಟರುಗಳು, ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆದ ಭಾಗವನ್ನಷ್ಟೇ ಬೇರ್ಪಡಿಸಿ ಉಳಿದುದನ್ನು ಕಾಪಾಡುತ್ತವೆ. ಲೂಪಿನಲ್ಲಿರುವ ಪ್ರತಿಯೊಂದು ಡಿಟೆಕ್ಟರಿಗೂ, ಗಾಜು ಒಡೆದು ಒತ್ತುವ ಪ್ರತಿಯೊಂದು ಗುಂಡಿಗೂ ಒಂದು ಸಂಖ್ಯೆ ಇರುತ್ತದೆ.

ನಾವು ತರಗತಿಯಲ್ಲಿ ಹಾಜರಿ ಕರೆಯುವಂತೆಯೇ ಪ್ಯಾನೆಲ್ ಈ ಸಂಖ್ಯೆಗಳನ್ನು ಒಂದಾದ ಮೇಲೊಂದರಂತೆ ಎಡೆಬಿಡದೆ ಕರೆಯುತ್ತಿರುತ್ತದೆ. 46 ಉತ್ತರಿಸಿತು, 47 ಉತ್ತರಿಸಿತು, 48 ಉತ್ತರಿಸಲಿಲ್ಲ ಎಂದರೆ ದೋಷದ ಹಳದಿ ದೀಪ ಬೆಳಗುತ್ತದೆ. ಇಬ್ಬರಿಗೆ ಒಂದೇ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ಸಾಮಾನ್ಯವಾಗಿ ಅದು ಪತ್ತೆಹಚ್ಚುತ್ತದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ತಪ್ಪಾಗಿದ್ದರೆ? 47ನೆಯ ಡಿಟೆಕ್ಟರ್ ನಿಜವಾಗಿ ಅಡುಗೆಕೋಣೆಯ ಪಕ್ಕದ ದಾಸ್ತಾನು ಕೋಣೆಯಲ್ಲಿದ್ದು, ಅದರ ಮುಂದೆ ‘ಗ್ರಂಥಾಲಯ’ ಎಂದು ಬರೆದಿದ್ದರೆ ಪ್ಯಾನೆಲಿಗೆ ಗೊತ್ತಾಗುವ ದಾರಿಯೇ ಇಲ್ಲ. ಹಸಿರು ದೀಪ ಉರಿಯುತ್ತಲೇ ಇರುತ್ತದೆ, ದಿನವೂ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಬೆಂಕಿ ಬಿದ್ದ ದಿನ ಜನರನ್ನು ಗ್ರಂಥಾಲಯಕ್ಕೆ ಓಡಿಸುತ್ತದೆ.

ಸಂಖ್ಯೆಗೆ ಹೆಸರು ಬರೆಯುವವರು ಮನುಷ್ಯರು. ಸಾಮಾನ್ಯವಾಗಿ ಕಟ್ಟಡದ ನಕಾಶೆಯನ್ನು ಮುಂದಿಟ್ಟುಕೊಂಡು, ಶಾಲೆ ತೆರೆಯುವ ಮೊದಲೇ ಬರೆಯುತ್ತಾರೆ. ನಕಾಶೆಯಲ್ಲಿರುವುದು ಎಂಜಿನಿಯರರ ಹೆಸರುಗಳು: ಕ್ಲಾಸ್ ರೂಂ 3, ಸ್ಟೋರ್ 2, ಮಲ್ಟಿಪರ್ಪಸ್ ಹಾಲ್. ಶಾಲೆ ನಡೆಯತೊಡಗಿದ ಮೇಲೆ ಸ್ಟೋರ್ 2 ಹೊಲಿಗೆ ಕಲಿಸುವ ಕೋಣೆಯಾಗುತ್ತದೆ, ಹಾಲಿಗೆ ನಡುವೆ ಪ್ಲೈವುಡ್ ಗೋಡೆ ಬಂದು ಎರಡು ಕನ್ನಡ ಡಿವಿಷನ್‌ಗಳಾಗುತ್ತವೆ. ಪ್ಯಾನೆಲಿನಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ನಾವು ಕಂಡ ಒಂದು ಶಾಲೆಯಲ್ಲಿ ಪ್ಯಾನೆಲಿನ ತೆರೆಯ ಮೇಲೆ ‘ಲ್ಯಾಬ್’ ಎಂದು ಮೂಡುತ್ತಿದ್ದ ಜಾಗದಲ್ಲಿ ಒಂದನೆಯ ತರಗತಿಯ ಮಕ್ಕಳು ಕುಳಿತಿದ್ದರು. ಯಾರ ತಪ್ಪು ಎಂದು ಕೇಳಿದರೆ ಯಾರದೂ ಅಲ್ಲ. ಹೆಸರು ಬದಲಿಸಬೇಕೆಂದು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಬೆಂಕಿ ಮತ್ತು ಶಾಲೆ ಎಂಬ ಎರಡು ಪದಗಳು ಒಟ್ಟಿಗೆ ಬಂದಾಗ ತೆಂಕಣ ರಾಜ್ಯಗಳವರಿಗೆ ಕುಂಭಕೋಣದ ನೆನಪಾಗದಿರದು. 2004ರ ಜುಲೈ 16ರಂದು ತಮಿಳುನಾಡಿನ ಆ ಊರಿನಲ್ಲಿ ಮಧ್ಯಾಹ್ನದ ಊಟ ಬೇಯುತ್ತಿದ್ದ ಅಡುಗೆಕೋಣೆಯಿಂದ ಹೊತ್ತಿದ ಕಿಡಿ ತೆಂಗಿನ ಗರಿಯ ಮಾಡಿಗೆ ಹಬ್ಬಿ 94 ಮಕ್ಕಳು ಸತ್ತರು. ಕಿರಿದಾದ ಮೆಟ್ಟಿಲು, ಒಂದೇ ಕಟ್ಟಡದಲ್ಲಿ ತುಂಬಿದ್ದ ಶಾಲೆಗಳು, ಉರಿಯಲು ಕಾದಿದ್ದ ಮಾಡು. ಅಲ್ಲಿ ಡಿಟೆಕ್ಟರ್ ಇದ್ದಿದ್ದರೆ ಮಕ್ಕಳು ಉಳಿಯುತ್ತಿದ್ದರು ಎಂದು ಹೇಳುವುದು ಪ್ರಾಮಾಣಿಕವಾಗದು. ಗರಿಯ ಮಾಡಿಗೆ ಯಾವ ಯಂತ್ರವೂ ಮದ್ದಲ್ಲ. ಆದರೆ ಆ ದುರಂತದ ಹಿನ್ನೆಲೆಯಲ್ಲಿ ದಾಖಲಾದ ಅರ್ಜಿಯ ಮೇಲೆ, ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರ ಏಪ್ರಿಲ್ 13ರಂದು ತೀರ್ಪಿತ್ತು, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ಶಾಲೆಗಳಲ್ಲಿ ಬೆಂಕಿ ನಂದಿಸುವ ಸಾಧನಗಳಿರಬೇಕು, ಅವುಗಳನ್ನು ಬಳಸಲು ಅಧ್ಯಾಪಕರಿಗೂ ಸಿಬ್ಬಂದಿಗೂ ತರಬೇತಿ ಸಿಗಬೇಕು ಎಂದು ಆದೇಶಿಸಿತು. ಸಾಧನದಷ್ಟೇ ಅದನ್ನು ಬಳಸುವವರೂ ಮುಖ್ಯ ಎಂಬುದು ಆ ತೀರ್ಪಿನಲ್ಲೇ ಇದೆ.

ಗಡಿನಾಡಿನಲ್ಲಿ ಬಳಸುವವರು ಯಾರು? ಒಂದೇ ಅಂಗಳದಲ್ಲಿ ಮಲಯಾಳ ಮಾಧ್ಯಮ, ಕನ್ನಡ ಮಾಧ್ಯಮಗಳೆರಡೂ ಇರುವ ಶಾಲೆಗಳು ನಮ್ಮಲ್ಲಿವೆ. ಪ್ಯಾನೆಲಿನ ತೆರೆಯಲ್ಲಿ ಇಂಗ್ಲಿಷ್, ಗೋಡೆಗೆ ಅಂಟಿಸಿದ ಎಚ್ಚರಿಕೆಯ ಫಲಕದಲ್ಲಿ ಮಲಯಾಳ. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಸಮೀಪ ಇರುವವರು ಅಡುಗೆಯ ಅಮ್ಮ, ಅಟೆಂಡರ್, ಊಟ ಬಡಿಸಲು ಬಂದ ಒಬ್ಬಿಬ್ಬರು ತಾಯಂದಿರು. ಅವರಲ್ಲಿ ಕನ್ನಡವನ್ನಷ್ಟೇ ಓದಬಲ್ಲವರು ಹಲವರು. ತಾಳವಾಡಿಯ ಶಾಲೆಗೆ ತಮಿಳಿನ ಫಲಕ ಬಂದಾಗ, ಅಕ್ಕಲಕೋಟೆ, ಜತ್ತಗಳಿಗೆ ಮರಾಠಿಯ ಫಲಕ ಬಂದಾಗ, ಮಡಕಶಿರಾಕ್ಕೆ ತೆಲುಗಿನದು ಬಂದಾಗ ಪ್ರಶ್ನೆ ಇದೇ. ಪಠ್ಯಪುಸ್ತಕ ತಡವಾದರೆ ನಾವು ಧರಣಿ ಕೂರುತ್ತೇವೆ, ಕನ್ನಡ ಬಾರದ ಅಧ್ಯಾಪಕರ ನೇಮಕವಾದರೆ ಕೋರ್ಟಿಗೂ ಹೋಗುತ್ತೇವೆ. ಮೆಟ್ಟಿಲ ಬಳಿಯ ಫಲಕವನ್ನು ಮಕ್ಕಳು ಓದಲಾರರು ಎಂಬುದಕ್ಕೆ ಒಂದು ಅರ್ಜಿಯನ್ನೂ ಬರೆದದ್ದಿಲ್ಲ. ಈ ಮಾತು ನಮ್ಮ ಮೇಲೂ ಹೇಳಿಕೊಳ್ಳುತ್ತಿದ್ದೇವೆ.

ಬರೆಯಲು ಅಡ್ಡಿಯೇನೂ ಇಲ್ಲ. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕೇರಳದಲ್ಲಿ 1969ರ ಅಧಿಕೃತ ಭಾಷೆಗಳ ಕಾಯ್ದೆಯೂ ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸಲು ಅವಕಾಶ ಕೊಡುತ್ತದೆ. ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅನುದಾನಿತ ಶಾಲೆಗಳಲ್ಲಿ ಈ ಸಮಿತಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇರುವುದು ನಿಜ. ಆದರೆ ಗೋಡೆಗೆ ಒಂದು ಹಾಳೆ ಅಂಟಿಸಲು ಸಲಹೆಯೇ ಸಾಕು.

ಹಾಳೆ ಎಂದೆವು. ಪ್ಯಾನೆಲನ್ನೇ ಬದಲಿಸಬೇಕೆಂದು ನಾವು ಕೇಳುತ್ತಿಲ್ಲ. ಬಹಳಷ್ಟು ಪ್ಯಾನೆಲುಗಳ ಸಣ್ಣ ತೆರೆಯಲ್ಲಿ ಕನ್ನಡ ಅಕ್ಷರ ಮೂಡಿಸುವುದು ಸಾಧ್ಯವಾಗದು. ಅದರ ಪಕ್ಕದಲ್ಲೇ ಕಟ್ಟಡದ ನಕ್ಷೆಯನ್ನು ದೊಡ್ಡದಾಗಿ ಬರೆದು, ಪ್ರತಿ ಕೋಣೆಯಲ್ಲಿ ಡಿಟೆಕ್ಟರಿನ ಸಂಖ್ಯೆಯನ್ನೂ ಮಕ್ಕಳು ಆ ಕೋಣೆಯನ್ನು ಕರೆಯುವ ಹೆಸರನ್ನೂ ಕನ್ನಡದಲ್ಲಿ, ಮಲಯಾಳದಲ್ಲಿ ಬರೆದಿಟ್ಟರೆ ಸಾಕು. ತೆರೆಯ ಮೇಲೆ 47 ಎಂದು ಕಂಡರೆ ನಕ್ಷೆಯಲ್ಲಿ 47 ಹುಡುಕುವುದು ನಾಲ್ಕನೆಯ ತರಗತಿಯ ಮಗುವಿಗೂ ಕಷ್ಟವಲ್ಲ. ನಕ್ಷೆ ಬರೆಯುವ ಕೆಲಸವನ್ನು ಏಳನೆಯ ತರಗತಿಯ ಸಮಾಜ ವಿಜ್ಞಾನದ ಚಟುವಟಿಕೆಯಾಗಿ ಮಾಡಿಸಬಹುದು. ಕೋಣೆಯ ಬಳಕೆ ಬದಲಾದಂತೆ ಹಾಳೆಯೂ ಬದಲಾಗಬೇಕು ಎಂಬುದನ್ನು ಮರೆಯದಿದ್ದರಾಯಿತು.

ನಕ್ಷೆಗಿಂತ ಮೊದಲು ಆಗಬೇಕಾದದ್ದು ನಡೆದು ನೋಡುವ ಪರೀಕ್ಷೆ. ವಾರ್ಷಿಕ ನಿರ್ವಹಣೆಗೆ ಬಂದ ತಂತ್ರಜ್ಞರು ಕಚೇರಿಯಲ್ಲಿ ಕುಳಿತು ಪ್ಯಾನೆಲಿನ ಗುಂಡಿ ಒತ್ತಿ ಸೈರನ್ ಕೇಳಿಸಿದರೆ ಪರೀಕ್ಷೆ ಮುಗಿಯಲಿಲ್ಲ. ಅದರಿಂದ ತಿಳಿಯುವುದು ಸೈರನ್ ಕೂಗುತ್ತದೆ ಎಂಬುದಷ್ಟೇ. ಒಬ್ಬರು ಪರೀಕ್ಷಾ ಹೊಗೆಯ ಡಬ್ಬಿಯೊಡನೆ ಕೋಣೆಯಿಂದ ಕೋಣೆಗೆ ಹೋಗಬೇಕು, ಇನ್ನೊಬ್ಬರು ಪ್ಯಾನೆಲಿನ ಮುಂದೆ ನಿಂತು ಯಾವ ಸಂಖ್ಯೆ, ಯಾವ ಹೆಸರು ಮೂಡಿತೆಂದು ಬರೆದುಕೊಳ್ಳಬೇಕು. ಆ ಎರಡನೆಯವರು ರಕ್ಷಕ ಶಿಕ್ಷಕ ಸಂಘದ ಒಬ್ಬ ತಾಯಿಯೋ ತಂದೆಯೋ ಆಗಿರಲಿ ಎಂಬುದು ನಮ್ಮ ಸೂಚನೆ. ಹೆಸರು ತಪ್ಪಾದದ್ದು ಈ ಒಂದು ಪರೀಕ್ಷೆಯಲ್ಲಲ್ಲದೆ ಬೇರೆಲ್ಲೂ ಸಿಕ್ಕಿಬೀಳುವುದಿಲ್ಲ.

ನಮ್ಮ ಕರಾವಳಿಯ ಮಳೆಗಾಲಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಇದೆ. ಹೊಗೆಯ ಡಿಟೆಕ್ಟರಿನೊಳಗೆ ತೇವ, ಧೂಳು, ಸಣ್ಣ ಜೇಡ ಸೇರಿಕೊಂಡರೆ ಅದು ಸುಳ್ಳು ಕೂಗು ಹಾಕುತ್ತದೆ. ಎರಡು ಬಾರಿ ಕೂಗಿದರೆ ಮೂರನೆಯ ಬಾರಿ ಯಾರಾದರೂ ಆ ಸಂಖ್ಯೆಯನ್ನು ಪ್ಯಾನೆಲಿನಲ್ಲಿ ನಿಷ್ಕ್ರಿಯಗೊಳಿಸುತ್ತಾರೆ. ಅಡ್ರೆಸೆಬಲ್ ವ್ಯವಸ್ಥೆಯ ಅನುಕೂಲವೇ ಇಲ್ಲಿ ಅಪಾಯವಾಗುತ್ತದೆ: ಒಂದನ್ನು ಮಾತ್ರ ಬಾಯಿ ಮುಚ್ಚಿಸಿ ಉಳಿದವನ್ನು ನಡೆಸಬಹುದಾದ್ದರಿಂದ, ಮುಚ್ಚಿಸಿದ್ದು ಮುಚ್ಚಿಯೇ ಉಳಿಯುತ್ತದೆ. ಹಬೆ ಏಳುವ ಅಡುಗೆಕೋಣೆಯಲ್ಲಿ ಹೊಗೆಯ ಡಿಟೆಕ್ಟರ್ ಬದಲು ಶಾಖಕ್ಕೆ ಸ್ಪಂದಿಸುವ ಡಿಟೆಕ್ಟರ್ ಇರಬೇಕಾದದ್ದೂ ಇದೇ ಕಾರಣಕ್ಕೆ. ಪ್ಯಾನೆಲಿನಲ್ಲಿ ಹಳದಿ ದೀಪವೊಂದು ವಾರಗಟ್ಟಲೆ ಉರಿಯುತ್ತಿದ್ದರೆ ಅದು ಯಾವ ಕೋಣೆಯದೆಂದು ಹೆತ್ತವರು ಕೇಳಬಹುದು, ಕೇಳಬೇಕು.

ಒಂದೇ ಅಂತಸ್ತಿನ, ನಾಲ್ಕು ಕೋಣೆಗಳ, ಪ್ರತಿ ಕೋಣೆಯಿಂದಲೂ ನೇರವಾಗಿ ಅಂಗಳಕ್ಕೆ ಇಳಿಯಬಹುದಾದ ಪ್ರಾಥಮಿಕ ಶಾಲೆಗೆ ಇವೆಲ್ಲ ಬೇಕೆಂದು ನಾವು ವಾದಿಸುವುದಿಲ್ಲ. ಅಲ್ಲಿ ಅಡ್ಡವಿಲ್ಲದ ಬಾಗಿಲು, ಅವಧಿ ಮೀರದ ಬೆಂಕಿ ನಂದಿಸುವ ಸಿಲಿಂಡರ್, ತರಗತಿಗಳಿಂದ ದೂರವಿರುವ ಅಡುಗೆಕೋಣೆ ಇವು ಪ್ಯಾನೆಲಿಗಿಂತ ಹೆಚ್ಚಿನವು. ನಮ್ಮ ಚಿಂತೆ ಇರುವುದು ಆ ಶಾಲೆಯಿಂದ ಹೊರಟು ಮೂರು ಮಹಡಿಯ ಹೈಯರ್ ಸೆಕೆಂಡರಿಗೂ ಹಾಸ್ಟೆಲಿಗೂ ಸೇರುವ ಮಕ್ಕಳ ಕುರಿತು.

ಈ ಬಾರಿಯ ಪಿಟಿಎ ಮಹಾಸಭೆಯಲ್ಲಿ ಕಾರ್ಯಸೂಚಿ ಮುಗಿದ ಮೇಲೆ ಹೆತ್ತವರು ಒಮ್ಮೆ ಎದ್ದು ಕಚೇರಿಯ ಬಾಗಿಲ ಬಳಿ ಹೋಗಿ ನೋಡಲಿ. ಪೆಟ್ಟಿಗೆ ಇದೆಯೇ, ಯಾವ ಬಣ್ಣದ ದೀಪ ಉರಿಯುತ್ತಿದೆ, ಕೀಲಿಕೈ ಯಾರ ಬಳಿ ಇದೆ, ಅವರು ರಜೆಯಲ್ಲಿದ್ದ ದಿನ ಯಾರ ಬಳಿ ಇರುತ್ತದೆ.